ಉದ್ರಿಯ ಗೋಡೆ

ಲಾರಿಯನ್ನು ನಾವು ಸಾಮಾನ್ಯವಾಗಿ ನೋಡುವುದು ಹಿಂದಿನಿಂದ. ಬಸ್ಸಿನಲ್ಲಿ ಕುಳಿತು, ಎದುರಿಗೆ ತೂಗಾಡುತ್ತ ಸಾಗುವ ಅದರ ಬೆನ್ನನ್ನು ನೋಡುತ್ತ, ಅಲ್ಲಿ ಬಣ್ಣದ ಅಕ್ಷರಗಳಲ್ಲಿ ಬರೆಯಿಸಿದ ದೇವರ ಹೆಸರನ್ನೋ ಮಕ್ಕಳ ಹೆಸರನ್ನೋ ಓದುತ್ತ, ಇವನು ಯಾವಾಗ ದಾರಿ ಬಿಟ್ಟಾನೋ ಎಂದು ಗೊಣಗುತ್ತೇವೆ. ದಾರಿ ಸಿಕ್ಕ ಕೂಡಲೆ ಮುಂದೆ ಹೋಗುತ್ತೇವೆ. ಅದನ್ನು ನಡೆಸುತ್ತಿದ್ದವನ ಮುಖ ನಮಗೆ ಕಾಣುವುದಿಲ್ಲ. ಕಂಡರೂ ನೆನಪಿನಲ್ಲಿ ಉಳಿಯುವುದಿಲ್ಲ. ನಾನೂ ನನ್ನ ಆಯುಷ್ಯದ ಬಹುಭಾಗವನ್ನು ಹೀಗೆ ಲಾರಿಯ ಬೆನ್ನನ್ನು ಓದುವುದರಲ್ಲಿಯೇ ಕಳೆದವನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ, ಸಂಜೆಯ ತಿರುಗಾಟದ ನೆವದಿಂದ, ಅಂಥ ಮೂರು ಮುಖಗಳನ್ನು ಎದುರಿನಿಂದ ನೋಡುವ ಯೋಗ ನನಗೆ ಒದಗಿತು.

ಜಮಖಂಡಿಯಿಂದ ಕುಡಚಿಯ ಕಡೆಗೆ ಹೊರಟ ರಸ್ತೆಯ ಬದಿಗೆ ಪಂಚರ್ ತಿದ್ದುವ ಒಂದು ಅಂಗಡಿ ಇದೆ. ಅದರ ಮುಂದೆ ಒಂದು ಬೇವಿನ ಮರ. ಮರದ ನೆರಳಿನಲ್ಲಿ ಸವೆದ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಪೀಠಗಳು. ಸಂತೆಯ ದಿನ ಅಲ್ಲಿ ಮೂವರು ಹಿರಿಯರು ಬಂದು ಕೂಡುತ್ತಾರೆ. ಒಬ್ಬರು ಬನಹಟ್ಟಿಯವರು, ವಯಸ್ಸು 84. ಇನ್ನೊಬ್ಬರು ಮುಧೋಳದವರು, ಎಂಬತ್ತಕ್ಕೆ ಒಂದು ಕಡಿಮೆ. ಮೂರನೆಯವರು ಬೀಳಗಿಯವರು, ಇವರಲ್ಲಿ ಎಲ್ಲರಿಗಿಂತ ಚಿಕ್ಕವರು, 77. ಮೂವರೂ ಲಾರಿ ನಡೆಸಿ ಬಾಳಿದವರು. ಅವರ ಹೆಸರುಗಳು ನನಗೆ ಗೊತ್ತಿದ್ದರೂ ನಾನು ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತೇನೆ. ರಸ್ತೆಯ ಮೇಲೆ ನಲವತ್ತು ವರ್ಷ ಅವರನ್ನು ಹಾಗೆಯೇ ಕರೆದಿದ್ದಾರೆ. ‘ಏ ಮುಧೋಳ’, ‘ಏ ಬೀಳಗಿ’ ಎಂದರೆ ಅವರು ಈಗಲೂ ಥಟ್ಟನೆ ಹೊರಳಿ ನೋಡುತ್ತಾರೆ. ಬನಹಟ್ಟಿಯವರನ್ನು ಮಾತ್ರ ಉಳಿದ ಇಬ್ಬರೂ ‘ವಸ್ತಾದ’ ಎನ್ನುತ್ತಾರೆ. ಗರಡಿಮನೆಯಲ್ಲಿ ಪಟ್ಟು ಕಲಿಸುವವನೂ ವಸ್ತಾದ, ಕ್ಲೀನರ್ ಹುಡುಗನಿಗೆ ಸ್ಟೇರಿಂಗು ಹಿಡಿಯಲು ಕಲಿಸುವವನೂ ವಸ್ತಾದ. ಈ ಒಂದು ಶಬ್ದದ ಸುತ್ತಲೇ ನಾನು ಹೇಳಬೇಕೆಂದಿರುವ ಕತೆಯ ಅರ್ಧ ಇದೆ.

ಈ ನಾಲ್ಕು ಊರುಗಳ ಸೀಮೆಗೆ ಲಾರಿ ಎಂದರೆ ಏನೆಂಬುದನ್ನು ಅರಿಯಬೇಕಾದರೆ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಇವರು ದುಡಿದ ಕಾಲದುದ್ದಕ್ಕೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವುಗಳಲ್ಲಿ ಒಂದು ಊರಿಗೂ ರೈಲು ಇರಲಿಲ್ಲ. ಪಡುವಣಕ್ಕೆ ಕುಡಚಿ, ಮೂಡಣಕ್ಕೆ ಬಾಗಲಕೋಟೆ. ರೈಲಿನ ಕೂಗು ಕೇಳಬೇಕಾದರೆ ಅಷ್ಟು ದೂರ ಹೋಗಬೇಕು. ಇವೆರಡನ್ನೂ ಕೂಡಿಸುವ ಹಳಿಯ ಮಾತನ್ನು ಕೇಳುತ್ತ ಎರಡು ತಲೆಮಾರಿನವರು ಮುದುಕರಾದರು. ಆದುದರಿಂದ ಮಹಾಲಿಂಗಪುರದ ಬೆಲ್ಲ, ತೇರದಾಳ ಸೀಮೆಯ ಅರಿಸಿನ, ಸಮೀರವಾಡಿಯ ಸಕ್ಕರೆ, ಲೋಕಾಪುರದ ಸುಣ್ಣದ ಕಲ್ಲು, ರಬಕವಿ-ಬನಹಟ್ಟಿಯ ಸೀರೆ, ಆ ಸೀರೆಗೆ ಬೇಕಾದ ನೂಲು, ಇವೆಲ್ಲ ಲಾರಿಯ ಬೆನ್ನೇರಿಯೇ ಹೋಗಬೇಕು, ಬರಬೇಕು. 1948ರ ವರೆಗೆ ಈ ಸೀಮೆ ಒಂದು ಆಳ್ವಿಕೆಯದೂ ಆಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯೂ ಆಯಿತು. ನಕ್ಷೆಯ ಮೇಲಿನ ಈ ಗೆರೆಗಳೆಲ್ಲ ಅಳಿಸಿ ಮತ್ತೆ ಮೂಡುತ್ತಿದ್ದಾಗ, ಊರಿಗೂ ಊರಿಗೂ ದಿನಾಲು ನೂಲು ಎಳೆದಂತೆ ಹೋಗಿ ಬಂದವರು ಇವರು.

ಅವರ ನೆನಪುಗಳನ್ನು ಕೇಳುತ್ತ ನನಗೆ ಹೊಳೆದ ಮೊದಲನೆಯ ಮಾತು ಇದು: ಅವರು ರಸ್ತೆಯನ್ನು ನೆನೆಯುವುದಿಲ್ಲ, ನಿಂತ ಜಾಗಗಳನ್ನು ನೆನೆಯುತ್ತಾರೆ. ಲಕ್ಷಗಟ್ಟಲೆ ಮೈಲು ಓಡಿಸಿದ ಮನುಷ್ಯನಿಗೆ ಓಡಿದ್ದು ಮರೆತುಹೋಗಿದೆ, ನಿಂತದ್ದು ಮಾತ್ರ ನೆನಪಿದೆ. ಇದು ನಮ್ಮ ಕಡೆಯವರ ವಿಶೇಷವೇನೂ ಅಲ್ಲ. ಬ್ರಿಟನ್ನಿನಲ್ಲಿಯೂ ಮುದುಕರಾದ ಲಾರಿ ಚಾಲಕರು ಹೀಗೆಯೇ ಹಳೆಯ ಚಹಾದಂಗಡಿಗಳನ್ನೂ ಫುಟ್‌ಬಾಲ್ ಮೈದಾನಗಳನ್ನೂ ನೆನೆದು ಹಳಹಳಿಸುತ್ತಾರೆ. ಲಂಡನ್ನಿನ ಹೊರವಲಯದ ಹೆದ್ದಾರಿಯ ಮೇಲೆ 1938ರಲ್ಲಿ ತೆರೆದ ಏಸ್ ಕೆಫೆ ಎಂಬ ಉಪಾಹಾರಗೃಹ ಅಂಥದೊಂದು. 1969ರಲ್ಲಿ ಅದು ಮುಚ್ಚಿತು. ಅದನ್ನು ಮರೆಯಲಾರದ ಜನ 2001ರಲ್ಲಿ ಮತ್ತೆ ತೆರೆಯಿಸಿದರು. ಸಂಡರ್ಲೆಂಡ್ ಎಂಬ ಊರಿನ ರೋಕರ್ ಪಾರ್ಕ್ ಮೈದಾನ 1898ರಿಂದ 1997ರ ವರೆಗೆ ಬಾಳಿತು. ಅದನ್ನು ಕೆಡವಿ ಅಲ್ಲಿ ಮನೆಗಳನ್ನು ಕಟ್ಟಿದಾಗ, ಓಣಿಗಳಿಗೆ ಮಿಡ್‌ಫೀಲ್ಡ್ ಡ್ರೈವ್, ಗೋಲ್‌ಮೌತ್ ಕ್ಲೋಸ್ ಎಂದು ಆಟದ ಹೆಸರುಗಳನ್ನೇ ಇಟ್ಟರು. ಮೈದಾನ ಹೋದರೂ ಹೆಸರಾದರೂ ಉಳಿಯಲಿ ಎಂಬ ಮಮತೆ.

ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಮೈದಾನದ ಸ್ಥಾನದಲ್ಲಿ ಇದ್ದುದು ಕುಸ್ತಿಯ ಕಣ. ‘ಕಣ’ ಎಂಬ ಮಾತನ್ನು ಗಮನಿಸಬೇಕು. ಸುಗ್ಗಿಯಲ್ಲಿ ಅದು ಜೋಳದ ರಾಶಿ ಮಾಡುವ ಜಾಗ. ಜಾತ್ರೆಯಲ್ಲಿ ಪೈಲವಾನರು ಸೆಣಸುವ ಜಾಗ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಹೆಸರಿನ ಹಲಗೆಯೂ ಇಲ್ಲ. ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ರಸ್ತೆಯ ಬದಿಯ ಖಾನಾವಳಿಯೂ ಹಾಗೆಯೇ: ನಾಲ್ಕು ಗಳ, ಒಂದು ತಗಡಿನ ಮಾಡು, ಒಂದು ಮಣ್ಣಿನ ಗೋಡೆ, ಹೊರಗೆ ನಾಲ್ಕು ಹೊರಸು. ಇಂಥವು ಹೋದಾಗ ಓಣಿಗೆ ಇಡಲು ಹೆಸರೂ ಉಳಿಯುವುದಿಲ್ಲ. ಹೋದ ದಿನ ಯಾವುದೆಂಬುದೂ ಯಾರಿಗೂ ತಿಳಿಯುವುದಿಲ್ಲ.

ಆ ಖಾನಾವಳಿಗಳ ವರ್ಣನೆಯನ್ನು ಈ ಮೂವರ ಬಾಯಿಂದಲೇ ಕೇಳಬೇಕು. ನಸುಕಿನ ನಾಲ್ಕು ಗಂಟೆಗೆ ಲಾರಿ ನಿಲ್ಲುತ್ತದೆ. ಕಂದೀಲಿನ ಬೆಳಕಿನಲ್ಲಿ ಒಲೆಯ ಮುಂದೆ ಕುಳಿತು ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ‘ಆ ಸಪ್ಪಳಾ ಕೇಳಿದ್ರ ಸಾಕ್ರೀ ಮಾಸ್ತರ, ಕಣ್ಣಾಗಿನ ನಿದ್ದಿ ಹಾರಿ ಹೊಟ್ಟ್ಯಾಗ ಹಸಿವು ಏಳತಿತ್ತು’ ಎಂದು ಬೀಳಗಿಯವರು ಹೇಳುತ್ತಾರೆ. ಬಿಸಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಕೃಷ್ಣೆಯ ಆಚೆ ದಂಡೆಗೆ ಹೋದರೆ ಕೊಲ್ಹಾರದ ಮೊಸರು. ಮಣ್ಣಿನ ಗಡಿಗೆಯನ್ನು ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಊಟವಾದ ಮೇಲೆ ಬಶಿಯಲ್ಲಿ ಸುರುವಿಕೊಂಡು ಕುಡಿಯುವ ಚಹಾ. ಆಮೇಲೆ ಹೊರಸಿನ ಮೇಲೆ ಅರ್ಧ ತಾಸು ಬೆನ್ನು ಚಾಚುವುದು. ಎಂಜಿನ್ನಿನ ಕಾವಿನಲ್ಲಿ ಹದಿನಾಲ್ಕು ತಾಸು ಕುಳಿತವನಿಗೆ ಬೆನ್ನನ್ನು ನೆಟ್ಟಗೆ ಚಾಚುವುದೇ ಸ್ವರ್ಗ.

ಆದರೆ ಖಾನಾವಳಿ ಬರಿಯ ಉಣ್ಣುವ ಜಾಗವಾಗಿರಲಿಲ್ಲ. ಮನೆಯಲ್ಲಿ ಫೋನಿಲ್ಲದ ಆ ಕಾಲದಲ್ಲಿ ಅದೇ ಇವರ ಅಂಚೆಯ ಕಚೇರಿ. ‘ಮುಧೋಳದಾಂವ ಬಂದ್ರ ಹೇಳ್ರಿ, ಹೆಂಡತಿ ಹಡದಾಳ, ಗಂಡು’ ಎಂದು ಒಬ್ಬ ಹೇಳಿ ಹೋಗುವನು. ಎರಡು ದಿನದ ಮೇಲೆ ಸುದ್ದಿ ಮುಟ್ಟುವುದು. ಮುಂದಿನ ಹಳ್ಳದಲ್ಲಿ ನೀರು ಬಂದಿದೆಯೋ, ಜಕಾತಿ ನಾಕೆಯಲ್ಲಿ ಎಷ್ಟು ಗಾಡಿ ನಿಂತಿವೆಯೋ, ಎಲ್ಲ ವರ್ತಮಾನವೂ ಅಲ್ಲಿಯೇ. ಓಡುತ್ತಿರುವಾಗ ಅವನು ಒಂದು ಲಾರಿಯ ನಂಬರು. ನಿಂತಾಗ ಮಾತ್ರ ಅವನಿಗೆ ಊರುಂಟು, ಮನೆಯುಂಟು, ಸುಖದುಃಖಗಳುಂಟು. ನಿಂತ ಜಾಗಗಳನ್ನೇ ಅವರು ಏಕೆ ನೆನೆಯುತ್ತಾರೆ ಎಂಬುದು ಆಗ ನನಗೆ ಅರ್ಥವಾಯಿತು.

ಇನ್ನು ಕುಸ್ತಿಯ ಮಾತು. ಸಂಸ್ಥಾನಿಕರ ಕಾಲದಿಂದಲೂ ಈ ಸೀಮೆಗೆ ಗರಡಿಯ ಅಭಿಮಾನ ದೊಡ್ಡದು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ನಡುವೆ ಕೆಮ್ಮಣ್ಣಿನ ಕಣ. ಎಲ್ಲಿ ಕುಳಿತವರಿಗೂ ಅದು ಕಾಣುವಂತೆ ಸುತ್ತಲೂ ಇಳಿಜಾರು. ಕರಾಡ ಸೀಮೆಯ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಕಿನಲ್ಲಿ ಕಂಚಿನ ಪದಕ ಗೆದ್ದರು. 1959ರಲ್ಲಿ ಮೊದಲನೆಯ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆಯವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಎಕ್ಸಂಬಾದಲ್ಲಿ. ಆ ವರ್ಷ ಈ ಕಡೆಯ ಹಳ್ಳಿಹಳ್ಳಿಯ ಗರಡಿಯಲ್ಲಿ ಹುಡುಗರು ತೊಡೆ ತಟ್ಟಿದರೆಂದು ಬನಹಟ್ಟಿಯವರು ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ. ಜಾತ್ರೆಯ ದಿನ ನೋಡಿಕೊಂಡು ಇವರು ಬಾಡಿಗೆ ಒಪ್ಪುತ್ತಿದ್ದರು. ಕಣದ ಸುತ್ತ ಲಾರಿಗಳನ್ನು ತಂದು ನಿಲ್ಲಿಸಿದರೆಂದರೆ ಅದೇ ಗ್ಯಾಲರಿ. ಕ್ಯಾಬಿನ್ನಿನ ಮೇಲೆ ಹುಡುಗರು, ಚೀಲಗಳ ಮೇಲೆ ಹಿರಿಯರು. ಮಧ್ಯಾಹ್ನ ಚಿಕ್ಕ ಹುಡುಗರ ಕಾಯಿ ಕುಸ್ತಿಯಿಂದ ಆರಂಭವಾಗಿ, ಸಂಜೆಗೆ ಹೆಸರುವಾಸಿಯಾದ ಪೈಲವಾನರ ಜಂಗೀ ನಿಕಾಲಿ ಕುಸ್ತಿಗೆ ಮುಗಿಯಬೇಕು. ಹಲಗೆಯ ಬಡಿತಕ್ಕೆ ಲಾರಿಯ ತಗಡೂ ಝಣಝಣಿಸುತ್ತಿತ್ತಂತೆ.

ಈ ಮೂವರ ನಡುವೆ ಒಂದು ಹಳೆಯ ಕುಸ್ತಿಯ ಪ್ರಸ್ತಾಪ ಆಗಾಗ ಬರುತ್ತದೆ. ಅದು ನಡೆದದ್ದು 1966ರ ಸುಮಾರಿಗೆ, ಬನಹಟ್ಟಿಯ ಜಾತ್ರೆಯಲ್ಲಿ. ಬನಹಟ್ಟಿಯವರು ಆಗ ಮೂತಿಯ ಮೇಲೆ ನಕ್ಷತ್ರವಿದ್ದ ಟಾಟಾ-ಮರ್ಸಿಡಿಸ್ ಗಾಡಿ ನಡೆಸುತ್ತಿದ್ದರು. ಜಮಶೇಡಪುರದಲ್ಲಿ 1954ರಿಂದ ತಯಾರಾಗುತ್ತಿದ್ದ ಆ ಗಾಡಿಗೆ 1969ರ ತರುವಾಯ ನಕ್ಷತ್ರ ಹೋಗಿ ‘ಟಿ’ ಎಂಬ ಅಕ್ಷರ ಬಂತೆಂಬುದು ಇವರ ಲೆಕ್ಕದಲ್ಲಿ ಒಂದು ಯುಗ ಮುಗಿದಂತೆ. ಆ ಸಂಜೆ ಕೊನೆಯ ಕುಸ್ತಿಗೆ ನಿಂತವರು ಇಬ್ಬರು: ಮುಧೋಳದ ಒಬ್ಬ ಹುಡುಗ, ಮಿರಜ ಸೀಮೆಯ ಒಬ್ಬ ಕನ್ನಡಿಗ ಹುಡುಗ. ಅರ್ಧ ತಾಸು ಕಳೆದರೂ ಯಾರೂ ಬೀಳಲಿಲ್ಲ. ಹೊತ್ತು ಮುಳುಗಿತು. ಗ್ಯಾಸಬತ್ತಿಗೆ ಗಾಳಿ ತಗಲಿ ಆರಿಹೋಯಿತು. ಆಗ ಬನಹಟ್ಟಿಯವರು ತಮ್ಮ ಲಾರಿಯನ್ನು ಕಣದ ಕಡೆಗೆ ತಿರುಗಿಸಿ ಎರಡೂ ದೀಪ ಹೊತ್ತಿಸಿದರು. ಆ ಬೆಳಕಿನಲ್ಲಿ ಕುಸ್ತಿ ಇನ್ನೂ ಕಾಲು ತಾಸು ನಡೆಯಿತು. ಕಡೆಗೆ ಪಂಚರು ‘ಬರೋಬರಿ’ ಎಂದು ಸಾರಿದರು. 101 ರೂಪಾಯಿಯ ಇನಾಮು. ತಲೆಗೆ 50 ರೂಪಾಯಿ; ಉಳಿದ ಒಂದು ರೂಪಾಯಿ ಗರಡಿಯ ಹಣಮಪ್ಪನಿಗೆ. ಮರುದಿನ ಮುಂಜಾನೆ ನೋಡಿದರೆ ಲಾರಿಯ ಬ್ಯಾಟರಿ ಸತ್ತುಹೋಗಿತ್ತು. ಜಾತ್ರೆಯ ಜನವೆಲ್ಲ ಸೇರಿ ಅದನ್ನು ನೂಕಿತು.

ಇಷ್ಟು ಕತೆಯನ್ನು ಬನಹಟ್ಟಿಯವರು ನನ್ನ ಮುಂದೆ ಹತ್ತು ಸಲವಾದರೂ ಹೇಳಿರಬೇಕು. ಹೇಳಿದಾಗಲೆಲ್ಲ ಕೊನೆಗೆ, ‘ನನ್ನ ದೀಪದ ಬೆಳಕಿನ್ಯಾಗ ನಡದದ್ದು, ನಾ ಕಣ್ಣಾರೆ ಕಂಡೇನಿ, ಬರೋಬರಿ!’ ಎಂದು ತೊಡೆಯ ಮೇಲೆ ಕೈ ತಟ್ಟುತ್ತಾರೆ. ಮುಧೋಳದ ಆ ಹುಡುಗ ಯಾರೆಂದು ನಾನು ಕೇಳಿರಲೇ ಇಲ್ಲ. ಕಳೆದ ವರ್ಷ ಒಂದು ಸಂಜೆ ಅದೇ ಕತೆ ಮುಗಿದಾಗ, ಅಷ್ಟು ಹೊತ್ತು ಸುಮ್ಮನಿದ್ದ ಮುಧೋಳದವರು ಮೆಲ್ಲಗೆ, ‘ಇಲ್ಲ ವಸ್ತಾದ, ನಾ ಬಿದ್ದಿದ್ದೆ’ ಎಂದರು.

ಬೇವಿನ ಮರದ ಕೆಳಗೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಅಂವ ನನ್ನ ಹೊಳ್ಳಿಸಿದಾಗ ನನ್ನ ಎರಡೂ ಭುಜಾ ಮಣ್ಣಿಗೆ ಹತ್ತಿದ್ವು. ಕೆಮ್ಮಣ್ಣು ತಣ್ಣಗ ಬೆನ್ನಿಗೆ ತಾಗಿದ್ದು ನನಗ ಗೊತ್ತಾತು. ಪಂಚರು ಆ ಕಡೆ ಇದ್ರು. ನಿನ್ನ ದೀಪ ಅವರ ಕಣ್ಣಿಗೆ ಹೊಡದು ಕೈ ಅಡ್ಡ ಹಿಡದಿದ್ರು. ಅವರು ಕೈ ತಗಿಯೂದ್ರಾಗ ನಾ ಜಾರಿ ಬೋರಲ ಬಿದ್ದಿದ್ದೆ. ಯಾರೂ ನೋಡಲಿಲ್ಲ. ಅಂವಗ ಗೊತ್ತಿತ್ತು, ನನಗ ಗೊತ್ತಿತ್ತು. ಬರೋಬರಿ ಅಂತ ಸಾರಿದಾಗ ಅಂವ ನನ್ನ ಮುಖಾ ನೋಡಿದ. ಒಂದು ಮಾತು ಆಡಲಿಲ್ಲ. ಕಣದ ಮಣ್ಣು ತಗೊಂಡು ಹಣಿಗೆ ಹಚ್ಚಿಕೊಂಡು ಹೋಗಿಬಿಟ್ಟ.’

‘ಅದಕ್ಕ ಏನಲೇ ನೀ ಮರುದಿನ ಗಾಡಿ ನೂಕಾಕ ಬಂದಾಂವ ಏರಿ ಕುಂತದ್ದು?’ ಎಂದು ಬನಹಟ್ಟಿಯವರು ಕೇಳಿದರು.

‘ಅದಕ್ಕ. ಮತ್ತ ಯಾವ ಮುಖಾ ಇಟ್ಟುಕೊಂಡು ಗರಡಿಗೆ ಹೋಗಲಿ?’

ಒಬ್ಬ ವಸ್ತಾದನನ್ನು ಬಿಟ್ಟು ಇನ್ನೊಬ್ಬ ವಸ್ತಾದನ ಕೈಕೆಳಗೆ ಕ್ಲೀನರ್ ಆಗಿ ಸೇರಿದ ಆ ಹುಡುಗ ಹೀಗೆ ಲಾರಿಯವನಾದ. ಆ ವಸ್ತಾದನೇ ಸುಮಾರು ಅರುವತ್ತು ವರ್ಷ ಆ ಕುಸ್ತಿಯ ಕತೆಯನ್ನು ಹೆಮ್ಮೆಯಿಂದ ಹೇಳುತ್ತ ಬಂದ. ಶಿಷ್ಯ ಕೇಳುತ್ತ ಬಂದ. ಮುಂದೆ ಸಕ್ಕರೆಯ ಚೀಲ ಹೇರಿಕೊಂಡು ಕೊಲ್ಹಾಪುರಕ್ಕೆ ಹೋದಾಗಲೆಲ್ಲ ಅವರು ಖಾಸಬಾಗಕ್ಕೆ ಹೋಗುತ್ತಿದ್ದರಂತೆ, ಕುಸ್ತಿ ನೋಡಲಿಕ್ಕಲ್ಲ, ನೋಡುವವರ ನಡುವೆ ಆ ಮಿರಜದ ಹುಡುಗ ಕುಳಿತಿರುವನೇ ಎಂದು ಹುಡುಕಲಿಕ್ಕೆ. ಸಿಕ್ಕಿದರೆ ಆ 50 ರೂಪಾಯಿ ಅವನ ಕೈಯಲ್ಲಿಟ್ಟು, ‘ಗೆದ್ದಾಂವ ನೀ’ ಎಂದು ಹೇಳಬೇಕು. ಅವನು ಸಿಗಲಿಲ್ಲ.

ಕನ್ನಡ ಕಲಿಸಿ ಬದುಕಿದ ನನಗೆ ಆ ಹೊತ್ತಿನಲ್ಲಿ ರನ್ನನ ನೆನಪಾದುದು ಸಹಜ. ಹತ್ತನೆಯ ಶತಮಾನದ ಆ ಮಹಾಕವಿ ಇದೇ ಮುಧೋಳ ಸೀಮೆಯವನು, ಬಳೆಗಾರರ ಮನೆಯ ಮಗ. ಅವನ ‘ಗದಾಯುದ್ಧ’ವೂ ಒಂದು ಕಣದ ಕತೆಯೇ. ಭೀಮನ ಗೆಲುವನ್ನು ಹಾಡಲು ಹೊರಟ ಕಾವ್ಯ ಅದು. ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವವನು ತೊಡೆ ಮುರಿದು ಬಿದ್ದ ದುರ್ಯೋಧನ. ತೊಡೆಗೆ ಹೊಡೆಯುವುದು ಗದಾಯುದ್ಧದ ಧರ್ಮವಲ್ಲ ಎಂಬ ಮಾತು ಭಾರತದ ಕತೆಯಲ್ಲಿಯೇ ಇದೆ. ಗೆಲುವಿನ ತೀರ್ಪು ಒಂದು, ಮನಸ್ಸಿನ ತೀರ್ಪು ಇನ್ನೊಂದು. ಇದನ್ನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದರ ಭಾರ ಎಷ್ಟೆಂಬುದು ಟೈರಿನ ಪೀಠದ ಮೇಲೆ ಕುಳಿತ ಆ ಮುದುಕನ ಮುಖ ನೋಡಿದಾಗಲೇ ನನಗೆ ಸರಿಯಾಗಿ ತಿಳಿದದ್ದು.

ಒಬ್ಬರು ಬಾಯಿಬಿಟ್ಟ ಮೇಲೆ ಇನ್ನೊಬ್ಬರೂ ಬಿಟ್ಟರು. ಬೀಳಗಿಯವರದು ಬೇರೊಂದು ಲೆಕ್ಕ. ಬೀಳಗಿಯಿಂದ ಕೊಲ್ಹಾರಕ್ಕೆ ಹೋಗುವ ಹಾದಿಯಲ್ಲಿ, ಕೃಷ್ಣೆಯನ್ನು ದಾಟುವ ಮುಂಚೆ, ಒಬ್ಬ ವಿಧವೆ ನಡೆಸುತ್ತಿದ್ದ ಖಾನಾವಳಿ ಇತ್ತು. ಎಲ್ಲರೂ ಆಕೆಯನ್ನು ‘ಅವ್ವ’ ಎನ್ನುವವರು. ಅವ್ವನಿಗೆ ಓದು ಬರಹ ಬಾರದು. ಉದ್ರಿಯ ಲೆಕ್ಕವನ್ನು ಆಕೆ ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಲಿಯಿಂದ ಬರೆಯುತ್ತಿದ್ದಳು. ಒಂದು ಊಟಕ್ಕೆ ಒಂದು ಗೆರೆ. ಯಾರ ಗೆರೆ ಎಂಬುದಕ್ಕೆ ಮೇಲೊಂದು ಗುರುತು: ಬನಹಟ್ಟಿಯವರಿಗೆ ಮಗ್ಗದ ಲಾಳಿ, ಮುಧೋಳದವರಿಗೆ ಗದೆ, ಬೀಳಗಿಯವರಿಗೆ ಒಂದು ದುಂಡನೆಯ ಬಾವಿ. ಬೀಳಗಿಯ ಅರೆತ್ತಿನ ಬಾವಿ ಆ ಸೀಮೆಯಲ್ಲಿ ಹೆಸರಾದುದಷ್ಟೆ.

1972ರ ಬರಗಾಲ. ಹೊಲದಲ್ಲಿ ಹುಲ್ಲು ಕೂಡ ಇಲ್ಲ. ಬಾಡಿಗೆ ದುಡಿದರೂ ಪಗಾರ ಕೈಗೆ ಬರುತ್ತಿರಲಿಲ್ಲ. ಬೀಳಗಿಯವರಿಗೆ ಆಗ ಇಪ್ಪತ್ತನಾಲ್ಕರ ಪ್ರಾಯ. ಮನೆಯಲ್ಲಿ ಎಳೆಯ ಕೂಸು. ಆ ಬೇಸಿಗೆಯಲ್ಲಿ ಬಾವಿಯ ಗುರುತಿನ ಕೆಳಗೆ 23 ಗೆರೆಗಳಾದವು. ಅವ್ವ ಒಂದು ಸಲವೂ ಕೇಳಲಿಲ್ಲ. ಮಳೆಯಾಗಿ, ಪಗಾರ ಬಂದು, ಇವರು ಹಣ ತೆಗೆದುಕೊಂಡು ಹೋದರೆ ಆಕೆ ಮುಟ್ಟಲಿಲ್ಲ. ‘ಮೊದಲ ಕೂಸಿಗೆ ಒಂದು ಆಕಳಾ ತಗೋ. ಇದು ಇರಲಿ. ಋಣಾ ಇದ್ರ ಮತ್ತ ಬರ್ತಿ, ತೀರಿಸಿದಾಂವ ಬರೂದುಲ್ಲ’ ಎಂದಳಂತೆ. ಆಮೇಲೆ ಉಂಡ ಊಟಕ್ಕೆಲ್ಲ ಇವರು ರೊಕ್ಕ ಕೊಟ್ಟರು. ಆ 23 ಗೆರೆ ಮಾತ್ರ ಹಾಗೆಯೇ ನಿಂತವು. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿದಾಗ ಅವ್ವ ಅಷ್ಟು ಜಾಗವನ್ನು ಬಿಟ್ಟು ಬಳಿಯುತ್ತಿದ್ದಳು. ಅದೊಂದು ಪರಿಹಾಸದ ಮಾತಾಯಿತು. ಅವ್ವನಿಗೂ ಇವರಿಗೂ ಒಂದು ನಂಟಾಯಿತು.

ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಕೆಲಸ ದಶಕಗಟ್ಟಲೆ ನಡೆಯಿತು. 519.6 ಮೀಟರಿನ ವರೆಗೆ ನೀರು ನಿಲ್ಲಿಸಲು ಸರ್ವೋಚ್ಚ ನ್ಯಾಯಾಲಯದ ಒಪ್ಪಿಗೆ ದೊರೆತದ್ದು 2000ದಲ್ಲಿ. ಹಳೆಯ ಕೊಲ್ಹಾರ, ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು, ಬಾಗಲಕೋಟೆಯ ಒಂದು ಭಾಗ ಹಿನ್ನೀರಿಗೆ ಸೇರಿದವು. ನಾಡಿಗೆ ನೀರು ಬೇಕು. ಅದನ್ನು ಬೇಡವೆನ್ನುವ ಮನುಷ್ಯರಲ್ಲ ಇವರು. ಬರಗಾಲದಲ್ಲಿ ಮೇವು ಹೇರಿದವನಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊಲಮನೆಗಳನ್ನು ಅಳೆದು ಬರೆದುಕೊಂಡ ಕಾಗದಗಳಲ್ಲಿ, ರಸ್ತೆಯ ಅಂಚಿನಲ್ಲಿ ನಾಲ್ಕು ಗಳ ನೆಟ್ಟು ನಿಂತ ಖಾನಾವಳಿ ಇರಲಿಲ್ಲ. ಅದು ಯಾರ ಹೆಸರಿನಲ್ಲಿಯೂ ಇದ್ದ ಆಸ್ತಿಯಲ್ಲ. ಬೇರೆ ಹಾದಿಯ ಮೇಲೆ ಗಾಡಿ ಓಡಿಸುತ್ತಿದ್ದ ಬೀಳಗಿಯವರಿಗೆ ಊರು ಏಳುವ ಸುದ್ದಿ ತಡವಾಗಿ ಮುಟ್ಟಿತು. ಹಣ ಕಟ್ಟಿಕೊಂಡು ಓಡಿದರು. ತಗಡಿನ ಮಾಡನ್ನು ಕಿತ್ತೊಯ್ದಿದ್ದರು. ಗೋಡೆ ಬಯಲಲ್ಲಿ ನಿಂತಿತ್ತು. ಬಾವಿಯ ಗುರುತು, ಅದರ ಕೆಳಗೆ 23 ಗೆರೆ. ಅವ್ವ ಮಗಳ ಮನೆಗೆ ಹೋದಳೆಂದು ಒಬ್ಬರೆಂದರು; ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು. ಆ ಮಳೆಗಾಲ ನೀರು ಬಂತು.

ಹೀಗೆ ಒಬ್ಬನಿಗೆ ಅನ್ನದ ಋಣ, ಇನ್ನೊಬ್ಬನಿಗೆ ಗೆಲುವಿನ ಋಣ. ಕೊಡಬೇಕೆಂಬ ಮನಸ್ಸಿದೆ, ಕೈಯಲ್ಲಿ ಹಣವೂ ಇದೆ. ಆದರೆ ಕೊಡುವ ಜಾಗವೇ ಇಲ್ಲ. ಹಳೆಯ ಚಹಾದಂಗಡಿಗಳನ್ನು, ಹಳೆಯ ಕಣಗಳನ್ನು ನೆನೆದು ಮುದುಕರು ಏಕೆ ಹಳಹಳಿಸುತ್ತಾರೆ ಎಂದು ನಾವು ನಗುತ್ತೇವೆ. ರುಚಿಯ ನೆನಪು, ಪ್ರಾಯದ ನೆನಪು ಎಂದುಕೊಳ್ಳುತ್ತೇವೆ. ಅದಿಷ್ಟೇ ಅಲ್ಲ. ಮನುಷ್ಯರು ಒಬ್ಬರಿಗೊಬ್ಬರು ಕೊಡಬೇಕಾದುದನ್ನು ಕೊಟ್ಟು ತೀರಿಸಲು ಇದ್ದ ಜಾಗಗಳು ಅವು. ಜಾಗ ಹೋದರೆ ಲೆಕ್ಕ ಹೋಗುವುದಿಲ್ಲ. ಅದು ಗೋಡೆಯನ್ನು ಬಿಟ್ಟು ಮನುಷ್ಯನ ಎದೆಗೆ ಬಂದು ಕೂಡುತ್ತದೆ.

ಆ ಬೇಸಿಗೆಯಲ್ಲಿ ಹಿನ್ನೀರು ಸರಿದಿದೆ ಎಂದು ಕೇಳಿ, ನಾವು ನಾಲ್ವರು ಒಂದು ಬಾಡಿಗೆಯ ಜೀಪು ಮಾಡಿಕೊಂಡು ಹೊರಟೆವು. ಬನಹಟ್ಟಿಯವರು ಮುಂದಿನ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಚಾಲಕ ಹುಡುಗನಿಗೆ ಗೇರು ಹಾಕುವ ಪಾಠ ಹೇಳಿದರು. ಹೊಸ ಸೇತುವೆಯ ಕೆಳಗೆ, ಬಿರುಕುಬಿಟ್ಟ ಕರಿಯ ಎರೆಯಲ್ಲಿ, ಹಳೆಯ ರಸ್ತೆಯ ಒಂದು ತುಂಡು ಮೇಲೆದ್ದಿತ್ತು. ಅಲ್ಲಲ್ಲಿ ಅಡಿಪಾಯದ ಕಲ್ಲುಗಳು. ಒಲೆ ಇಲ್ಲಿತ್ತು ಎಂದು ಒಬ್ಬರು, ಅಲ್ಲ, ಅಲ್ಲಿ ಹೊರಸು ಇದ್ದವು ಎಂದು ಇನ್ನೊಬ್ಬರು. ಅರ್ಧ ತಾಸು ಜಗಳವಾಡಿದರೂ ಗೋಡೆ ಎಲ್ಲಿತ್ತೆಂಬುದು ತೀರ್ಮಾನವಾಗಲಿಲ್ಲ. ಕೊನೆಗೆ ಬೀಳಗಿಯವರು ಹಸಿಯಾಗಿದ್ದ ಒಂದು ಜಾಗದಲ್ಲಿ ಕುಕ್ಕರಿಸಿ, ಕಡ್ಡಿಯಿಂದ ಒಂದು ಬಾವಿ ಬರೆದು, ಅದರ ಕೆಳಗೆ ಗೆರೆ ಎಳೆದು ಎಣಿಸತೊಡಗಿದರು. 23ಕ್ಕೆ ನಿಲ್ಲಿಸಿದಾಗ ಮುಧೋಳದವರು ಬಾಗಿ, ‘ಇನ್ನೊಂದು ಎಳೀಲೇ. ಒಮ್ಮೆ ನಿನ್ನ ಹೆಸರಿಗೆ ನಾನೂ ಉಂಡೇನಿ’ ಎಂದರು. ಬೀಳಗಿಯವರು ಅವರ ಮುಖ ನೋಡಿದರು. ಆಮೇಲೆ ಮೂವರೂ ನಕ್ಕರು. ಆ ನಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಆಚೆ ಕುರಿ ಕಾಯುತ್ತಿದ್ದ ಒಬ್ಬ ಹುಡುಗ ಹತ್ತಿರ ಬಂದ. ‘ಏನ ಹುಡುಕಾಕತ್ತೀರಿ ಅಜ್ಜಾರ?’ ಎಂದ. ‘ಇಲ್ಲೊಂದು ಖಾನಾವಳಿ ಇತ್ತು, ತಮ್ಮಾ, ಇಲ್ಲಿ ಉಂಡಿದ್ವಿ’ ಎಂದರು ಬೀಳಗಿಯವರು. ಹುಡುಗನಿಗೆ ಏನು ತಿಳಿಯಿತೋ, ಹೆಗಲ ಮೇಲಿನ ಗಂಟು ಬಿಚ್ಚಿ ಎರಡು ರೊಟ್ಟಿ, ಒಂದಿಷ್ಟು ಚಟ್ನಿ ಮುಂದೆ ಹಿಡಿದ. ನಾಲ್ವರೂ ಮುರಿದುಕೊಂಡು ತಿಂದೆವು. ಬೀಳಗಿಯವರು ನೋಟು ತೆಗೆದು ಕೊಡಹೋದರೆ ಹುಡುಗ ಕೈ ಹಿಂದೆ ಕಟ್ಟಿಕೊಂಡು ನಕ್ಕು ಕುರಿಗಳ ಕಡೆಗೆ ಓಡಿದ. ಲೆಕ್ಕ ತೀರಿಸಲು ಹೋದವರು ಇನ್ನೊಂದು ಗೆರೆ ಹಚ್ಚಿಕೊಂಡು ಬಂದಂತಾಯಿತು.

ತಿರುಗಿ ಬರುವಾಗ ಮುಧೋಳದವರು ನನ್ನ ಪಕ್ಕದಲ್ಲಿ ಕುಳಿತಿದ್ದರು. ‘ಮಾಸ್ತರ, ನೀವು ರೇಡಿಯೋದಾಗ ಮಾತಾಡ್ತೀರಂತಲ್ಲ?’ ಎಂದು ಕೇಳಿದರು. ಹೌದೆಂದೆ. ‘ಹಂಗಾದ್ರ ಒಂದು ಕೆಲಸಾ ಮಾಡ್ರಿ. ಹೇಳಿಬಿಡ್ರಿ. ಮಿರಜ ಕಡೆ ಅಂವ ಇನ್ನೂ ಇದ್ದಾನು. ಮುದುಕ ಆಗಿದ್ದಾನು. ರೇಡಿಯೋ ಹಚ್ಚಿ ಕುಂತಿದ್ದಾನು.’

ಲಾರಿಗಳ ಬೆನ್ನು ಓದಿದವನಿಗೆ ಲಾರಿಯವರಿಂದ ಒಪ್ಪಿಸಲ್ಪಟ್ಟ ಮೊದಲ ಹೇರು ಇದು. ಮುಟ್ಟಿಸಬೇಕಾದಲ್ಲಿಗೆ ಮುಟ್ಟಿಸುವುದು ನನ್ನ ಕರ್ತವ್ಯ. ಸುಮಾರು ಅರುವತ್ತು ವರ್ಷಗಳ ಹಿಂದೆ ಬನಹಟ್ಟಿಯ ಜಾತ್ರೆಯಲ್ಲಿ, ಹೊತ್ತು ಮುಳುಗಿದ ಮೇಲೆ, ಒಂದು ಲಾರಿಯ ದೀಪದ ಬೆಳಕಿನಲ್ಲಿ ಕುಸ್ತಿ ಆಡಿ, ಮಾತಾಡದೆ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೋದ ಹಿರಿಯರು ಎಲ್ಲಿಯಾದರೂ ಇದ್ದು ಈ ಮಾತನ್ನು ಕೇಳುತ್ತಿದ್ದರೆ, ಅವರಿಗೆ ಮುಧೋಳದಿಂದ ಒಂದು ನಿರೋಪವಿದೆ. ಆ ಸಂಜೆ ಗೆದ್ದವರು ತಾವು. ತಮ್ಮ 50 ರೂಪಾಯಿ ಇಲ್ಲಿದೆ. ಬರುವ ಜಾತ್ರೆಗೆ ಬರಬೇಕು.